ಗಲ್ಲಿಯ ಉದ್ದ, ಕಟ್ಟಡದ ಎತ್ತರ: ವಿಲೆ ಪಾರ್ಲೆಯಲ್ಲಿ ಬೆಂಕಿ ಪಂಪಿನ ಲೆಕ್ಕ

ಬೆಂಕಿ ಸುರಕ್ಷತೆಯ ನಮ್ಮ ನಿಯಮಗಳು ಕಟ್ಟಡವನ್ನು ತಲೆಯೆತ್ತಿ ನೋಡುತ್ತವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದ ಪ್ರಕಾರ 15 ಮೀಟರ್ ಮುಟ್ಟಿದ್ದು ಬಹುಮಹಡಿ ಕಟ್ಟಡ. ಅಲ್ಲಿಂದ ಮುಂದೆ ಎತ್ತರ ಏರಿದ ಹಾಗೆ ನೆಲದಡಿಯ ಟ್ಯಾಂಕು, ತಾರಸಿಯ ಟ್ಯಾಂಕು, ನಿಂತ ಪೈಪು, ಪಂಪು ಎಲ್ಲವೂ ಹಂತಹಂತವಾಗಿ ದೊಡ್ಡದಾಗುತ್ತವೆ. 15 ಮೀಟರಿಗಿಂತ ಕೆಳಗಿನ ವಸತಿ ಕಟ್ಟಡದ ಮೇಲೆ ನಿಯಮದ ಹೊರೆ ಹಗುರ. ಅಲ್ಲಿಗೆ ಅಗ್ನಿಶಾಮಕ ದಳದ ಬಂಡಿ ಬರುತ್ತದೆ, ಹೋಸು ಬಿಚ್ಚುತ್ತದೆ, ನೀರು ಹೊಡೆಯುತ್ತದೆ ಎಂಬುದು ಸಂಹಿತೆಯ ಹಿಂದಿರುವ ನಂಬಿಕೆ. ಮುಂಬಯಿಯ ಪಶ್ಚಿಮ ಉಪನಗರದ ಒಂದು ಬಡಾವಣೆಯನ್ನು ಇಟ್ಟುಕೊಂಡು ಆ ನಂಬಿಕೆಯನ್ನು ನೀರಿನ ಒತ್ತಡದ ಲೆಕ್ಕದಲ್ಲಿ ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ.

ವಿಲೆ ಪಾರ್ಲೆಯನ್ನು ಆರಿಸಿದ್ದಕ್ಕೆ ಕಾರಣ ವಿಮಾನ ನಿಲ್ದಾಣ. ಅದರ ಮುಖ್ಯ ರನ್‌ವೇ 09/27 ಪೂರ್ವ ಪಶ್ಚಿಮವಾಗಿ ಮಲಗಿದೆ. ಅದರ ಪಶ್ಚಿಮದ ತುದಿಯಿಂದ ಏರುವ, ಇಳಿಯುವ ದಾರಿ ಸಾಂತಾಕ್ರೂಜ್, ವಿಲೆ ಪಾರ್ಲೆ, ಜುಹುಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ಈ ದಾರಿಯ ಕೆಳಗಿನ ಪಟ್ಟಿಗೆ ಇಲ್ಲಿನವರು ಫನೆಲ್ ಝೋನ್ ಎನ್ನುತ್ತಾರೆ. ಎಷ್ಟು ಎತ್ತರ ಕಟ್ಟಬಹುದೆಂದು ವಿಮಾನ ನಿಲ್ದಾಣ ಪ್ರಾಧಿಕಾರದ ಬಣ್ಣದ ನಕಾಶೆ ಹೇಳುತ್ತದೆ. ಮೇಲಕ್ಕೆ ಹೋಗಲು ಜಾಗವಿಲ್ಲದ ಕಡೆ ಬಿಲ್ಡರಿಗೆ ಲಾಭವಿಲ್ಲ, ಲಾಭವಿಲ್ಲದ ಕಡೆ ಪುನರ್‌ನಿರ್ಮಾಣವಿಲ್ಲ. ಹಾಗಾಗಿ ಮೂರು ನಾಲ್ಕು ಮಹಡಿಯ, ಲಿಫ್ಟಿಲ್ಲದ, ಐವತ್ತು ಅರವತ್ತು ವರ್ಷದ ಸೊಸೈಟಿಗಳು ಇಲ್ಲಿ ಹಾಗೆಯೇ ಉಳಿದುಬಂದಿವೆ. ಇವುಗಳಲ್ಲಿ ಎಷ್ಟೋ 15 ಮೀಟರಿನ ಗೆರೆಯ ಕೆಳಗೇ ನಿಲ್ಲುತ್ತವೆ. ಅಂದರೆ ವಿಮಾನದ ನಿಯಮ ಕಟ್ಟಡವನ್ನು ಗಿಡ್ಡವಾಗಿ ಉಳಿಸಿತು, ಆ ಗಿಡ್ಡತನವೇ ಅದನ್ನು ಬೆಂಕಿಯ ನಿಯಮದಿಂದ ಹೊರಗಿಟ್ಟಿತು.

ಇಡೀ ವಿಲೆ ಪಾರ್ಲೆ ಒಂದೇ ಥರ ಅಲ್ಲ ಎಂಬ ಎಚ್ಚರವೂ ಬೇಕು. ಜುಹು ವಿಲೆ ಪಾರ್ಲೆ ಸ್ಕೀಮಿನ ರಸ್ತೆಗಳು ಅಗಲವಾಗಿವೆ, ಬಂಡಿ ನೇರ ಗೇಟಿಗೆ ಬರುತ್ತದೆ. ತೊಂದರೆಯಿರುವುದು ಪೂರ್ವದಲ್ಲಿ ಸ್ಟೇಷನ್ನಿನ ಸುತ್ತಲಿನ ಹಳೆಯ ಓಣಿಗಳಲ್ಲಿ, ಇರ್ಲಾದ ಹಳೆಯ ಊರಿನ ಭಾಗದಲ್ಲಿ, ಜುಹು ಕಡೆಯ ನೆಹರೂ ನಗರದಂಥ ಜೋಪಡಿಗಳ ನಡುವೆ. ಅಲ್ಲಿ ಬಂಡಿ ಎಲ್ಲಿ ನಿಲ್ಲಬಹುದು ಎಂಬುದನ್ನು ಪುರಸಭೆಯ ನಕಾಶೆಗಿಂತ ಮೊದಲು ಸಾಲುಗಟ್ಟಿ ನಿಂತ ಸ್ಕೂಟರುಗಳು ನಿರ್ಧರಿಸಿರುತ್ತವೆ.

ಲೆಕ್ಕವನ್ನು ಹಿಂದಿನಿಂದ, ಅಂದರೆ ಬೆಂಕಿಯ ಕಡೆಯಿಂದ ಹಾಕಬೇಕು. ಹೋಸಿನ ತುದಿಯಲ್ಲಿರುವ ಲೋಹದ ಬ್ರಾಂಚಿಗೆ 20 ಮಿಲಿಮೀಟರ್ ನಾಝಲ್ ಸಿಕ್ಕಿಸಿದ್ದಾರೆ ಎಂದುಕೊಳ್ಳೋಣ. ನಾಝಲಿನಿಂದ ನಿಮಿಷಕ್ಕೆ ಎಷ್ಟು ಲೀಟರ್ ಹೊರಡುತ್ತದೆ ಎಂಬುದಕ್ಕೆ ಅಗ್ನಿಶಾಮಕರ ಹಳೆಯ ಸೂತ್ರವೊಂದಿದೆ. ಮಿಲಿಮೀಟರಿನಲ್ಲಿ ಅಳೆದ ವ್ಯಾಸವನ್ನು ವರ್ಗ ಮಾಡಿ, ಬಾರ್‌ನಲ್ಲಿರುವ ಒತ್ತಡದ ವರ್ಗಮೂಲದಿಂದ ಗುಣಿಸಿ, ಬಂದದ್ದರಲ್ಲಿ ಮೂರರ ಎರಡು ಪಾಲು ತೆಗೆದುಕೊಳ್ಳಬೇಕು. 3.5 ಬಾರ್ ಒತ್ತಡಕ್ಕೆ ಇದು ಹತ್ತಿರ ಹತ್ತಿರ 500 ಲೀಟರ್, 7 ಬಾರ್‌ಗೆ ಸುಮಾರು 705 ಲೀಟರ್. ಒತ್ತಡ ಎರಡು ಪಟ್ಟಾದರೂ ನೀರು ಎರಡು ಪಟ್ಟಾಗಲಿಲ್ಲ. ಆದರೆ ಬ್ರಾಂಚ್ ಹಿಡಿದವನನ್ನು ಹಿಂದಕ್ಕೆ ತಳ್ಳುವ ಬಲ ನೇರ ಎರಡು ಪಟ್ಟಾಗುತ್ತದೆ. 3.5 ಬಾರ್‌ನಲ್ಲಿ ಅದು ಸುಮಾರು 22 ಕೆಜಿ ತೂಕದಷ್ಟು, 7 ಬಾರ್‌ನಲ್ಲಿ 45ರ ಹತ್ತಿರ. ಕಿರಿದಾದ ಮೆಟ್ಟಿಲ ತಿರುವಿನಲ್ಲಿ, ಹೊಗೆಯೊಳಗೆ, ಒದ್ದೆ ಮೊಸಾಯಿಕ್ಕಿನ ಮೇಲೆ ನಿಂತವನಿಗೆ ಎರಡನೆಯದು ತಾಳುವ ಮಾತಲ್ಲ. ಆದ್ದರಿಂದ ಮುಂದಿನ ಲೆಕ್ಕಕ್ಕೆ 500 ಲೀಟರ್, 3.5 ಬಾರ್ ಎಂಬ ಜೋಡಿಯನ್ನೇ ಒಳ್ಳೆಯ ಒಂದು ಧಾರೆ ಎಂದು ಹಿಡಿದಿದ್ದೇನೆ. ಕಟ್ಟಡದ ಅತಿ ಮೇಲಿನ, ಹೋಸು ಸಿಕ್ಕಿಸುವ ಲ್ಯಾಂಡಿಂಗ್ ವಾಲ್ವಿನಲ್ಲಿ ಸಂಹಿತೆ ಕೇಳುವ ಒತ್ತಡವೂ ಚದರ ಸೆಂಟಿಮೀಟರಿಗೆ 3.5 ಕೆಜಿಯೇ.

ಇನ್ನು ದಾರಿಯ ಖರ್ಚು. ಎತ್ತರದ ಖರ್ಚು ಸರಳ: ಹತ್ತು ಮೀಟರ್ ಏರಿಸಲು ಒಂದು ಬಾರ್. ಒಂದು ಲೀಟರ್ ಹರಿದರೂ ಅಷ್ಟೇ, ಸಾವಿರ ಲೀಟರ್ ಹರಿದರೂ ಅಷ್ಟೇ. ಹೋಸಿನ ಒಳಗೋಡೆಯ ತಿಕ್ಕಾಟದ ಸ್ವಭಾವ ಬೇರೆ. ಅದು ಉದ್ದದ ಜೊತೆ ಸಮನಾಗಿ ಬೆಳೆಯುತ್ತದೆ, ಹರಿವಿನ ಜೊತೆ ವರ್ಗವಾಗಿ ಬೆಳೆಯುತ್ತದೆ, ವ್ಯಾಸ ದೊಡ್ಡದಾದರೆ ಐದನೆಯ ಘಾತದಲ್ಲಿ ಇಳಿಯುತ್ತದೆ. ಎತ್ತರ ಎಂಬುದು ಅಂಗಡಿ ತೆರೆದರೂ ಮುಚ್ಚಿದರೂ ಒಂದೇ ಮೊತ್ತ ಕಟ್ಟಬೇಕಾದ ಬಾಡಿಗೆ, ತಿಕ್ಕಾಟ ಎಂಬುದು ವ್ಯಾಪಾರ ಹೆಚ್ಚಿದಷ್ಟೂ ದರವನ್ನೇ ಏರಿಸಿಕೊಂಡು ಹೋಗುವ ತೆರಿಗೆ.

ಭಾರತದಲ್ಲಿ ಎಲ್ಲೆಡೆ ಕಾಣುವ 63 ಮಿಲಿಮೀಟರ್ ಹೋಸಿಗೆ, ಒಳಗೆ ನುಣುಪಾದ ರಬ್ಬರ್ ಪದರ ಇದೆ ಎಂದು ತಿಕ್ಕಾಟದ ಗುಣಾಂಕವನ್ನು 0.005 ಹಿಡಿದರೆ, 500 ಲೀಟರ್ ಹರಿಯುವಾಗ 30 ಮೀಟರಿನ ಒಂದು ಉದ್ದಕ್ಕೆ 0.34 ಬಾರ್ ಹೋಗುತ್ತದೆ. 1000 ಲೀಟರ್ ಹರಿಸಿದರೆ ಅದೇ ಉದ್ದಕ್ಕೆ 1.36 ಬಾರ್. ಹೋಸು ಹಳತಾಗಿ ಒಳಪದರ ಒರಟಾಗಿದ್ದರೆ, ಮೂಲೆಯಲ್ಲಿ ಮಡಿಕೆ ಬಿದ್ದಿದ್ದರೆ ಇನ್ನೂ ಹೆಚ್ಚು. ಹೋಸು ಜೋಡಿಸುವ ಕಪ್ಲಿಂಗುಗಳ ಸಣ್ಣ ನಷ್ಟವನ್ನು ಇಲ್ಲಿ ಬಿಟ್ಟಿದ್ದೇನೆ.

ಈಗ ಒಂದು ಕಲ್ಪಿತ ಸೊಸೈಟಿ. ಬಂಡಿ ದೊಡ್ಡ ರಸ್ತೆಯಲ್ಲಿ ನಿಂತಿದೆ. ಅಲ್ಲಿಂದ ಓಣಿ ಹಿಡಿದು, ಎರಡು ತಿರುವು ದಾಟಿ, ಗೇಟು, ಅಂಗಳ, ಮೆಟ್ಟಿಲು ಸೇರಿ 180 ಮೀಟರ್, ಅಂದರೆ 30 ಮೀಟರಿನ ಆರು ಹೋಸು. ಬೆಂಕಿ ನಾಲ್ಕನೆಯ ಮಹಡಿಯಲ್ಲಿ, ನೆಲದಿಂದ 12 ಮೀಟರ್ ಮೇಲೆ. ಎತ್ತರಕ್ಕೆ 1.2 ಬಾರ್, ಹೋಸಿಗೆ 2.04 ಬಾರ್, ನಾಝಲಿಗೆ 3.5 ಬಾರ್, ಒಟ್ಟು 6.74. ಪಂಪನ್ನು 7 ಬಾರ್‌ನಲ್ಲಿ ಇಟ್ಟರೆ ಒಂದು ಧಾರೆ ಸಲೀಸಾಗಿ ಸಿಗುತ್ತದೆ. ಇಲ್ಲಿಯೇ ಗಮನಿಸಬೇಕು: ಇದು ಸಂಹಿತೆಯ ಕಣ್ಣಿಗೆ ಬೀಳದ ಗಿಡ್ಡ ಕಟ್ಟಡ, ಆದರೂ ಓಣಿಯ ಖರ್ಚು ಎತ್ತರದ ಖರ್ಚಿಗಿಂತ ಹೆಚ್ಚು.

ಬೆಂಕಿ ಪಕ್ಕದ ಕೋಣೆಗೆ ಹಬ್ಬಿತು, ಇನ್ನೊಂದು ಧಾರೆ ಬೇಕು. ಹೊಸದಾಗಿ 180 ಮೀಟರ್ ಹೋಸು ಹಾಸುವುದಕ್ಕೆ ಹೊತ್ತು ಹಿಡಿಯುತ್ತದೆ. ಮೆಟ್ಟಿಲ ಬುಡದಲ್ಲಿ ಕವಲು ಹಾಕಿ ಅದೇ ಹೋಸಿನಿಂದ ಎರಡು ಬ್ರಾಂಚ್ ತೆಗೆಯುವುದು ತಕ್ಷಣ ಹೊಳೆಯುವ ಉಪಾಯ. ಲೆಕ್ಕ ಏನು ಹೇಳುತ್ತದೆ? ಎರಡು ಪೂರ್ಣ ಧಾರೆಗೆ 1000 ಲೀಟರ್ ಬೇಕು. ಆ ಹರಿವಿಗೆ ಆರು ಹೋಸುಗಳ ಖರ್ಚೇ 8 ಬಾರ್ ಮೀರುತ್ತದೆ, ಒಟ್ಟು ಬೇಡಿಕೆ 13ರ ಹತ್ತಿರ ಹೋಗುತ್ತದೆ. 7 ಬಾರ್ ಪಂಪು ಅದನ್ನು ಕೊಡುವುದಿಲ್ಲ. ವ್ಯವಸ್ಥೆ ತಾನೇ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಸಮೀಕರಣ ಬಿಡಿಸಿದರೆ ಒಟ್ಟು ಹರಿವು ಸುಮಾರು 705 ಲೀಟರ್, ಒಂದೊಂದು ಬ್ರಾಂಚಿಗೆ 350ರಷ್ಟು, ನಾಝಲ್ ಒತ್ತಡ 1.75 ಬಾರ್. ಮೊದಲು ಒಂದೇ ಬ್ರಾಂಚ್ ಇದ್ದಾಗ ಇದೇ 7 ಬಾರ್ ಪಂಪಿನಿಂದ 511 ಲೀಟರ್, 3.67 ಬಾರ್ ಸಿಗುತ್ತಿತ್ತು. ಬ್ರಾಂಚ್ ಎರಡಾದವು, ನೀರು ಹೆಚ್ಚಿದ್ದು ಶೇಕಡಾ 38, ಪ್ರತಿಯೊಂದು ಧಾರೆಯ ಒತ್ತಡ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೋಣೆಯ ಆಚೆ ಬದಿಯನ್ನು ಮುಟ್ಟಬೇಕಾದ ನೀರು ಈಗ ಅಲ್ಲಿಗೆ ಮುಟ್ಟದೇ ಇರಬಹುದು.

ಇದನ್ನು ಬಂಡಿಯ ಪಕ್ಕ ನಿಂತ ಪಂಪ್ ಆಪರೇಟರ್ ಹೇಗೆ ತಿಳಿಯಬೇಕು? ಅವನ ಗೇಜ್ ಮೊದಲೂ 7 ತೋರಿಸುತ್ತಿತ್ತು, ಈಗಲೂ 7 ತೋರಿಸುತ್ತಿದೆ. ಗೇಜ್ ಸುಳ್ಳಾಡುತ್ತಿಲ್ಲ, ಅದು ಹೇಳುವುದು ಪಂಪಿನ ಬಾಯಿಯ ಸುದ್ದಿಯನ್ನು ಮಾತ್ರ. ನನ್ನ ಮಟ್ಟಿಗೆ ಈ ಟಿಪ್ಪಣಿಯ ತಿರುಳು ಇದೇ. ಗಿಡ್ಡ ಕಟ್ಟಡ, ಉದ್ದ ಓಣಿ ಇರುವ ಕಡೆ ಪಂಪಿನ ಮೇಲೆ ಕೆತ್ತಿದ ಅಂಕಿ, ಗೇಜಿನ ಮುಳ್ಳು, ಬೆಂಕಿಯ ಮೇಲೆ ಬೀಳುವ ನೀರು ಈ ಮೂರೂ ಒಂದರಿಂದೊಂದು ದೂರ ಸರಿದುಬಿಡುತ್ತವೆ.

ಪರಿಹಾರವೂ ಅದೇ ಸೂತ್ರದಲ್ಲಿದೆ. ಕವಲಿನವರೆಗೆ 63 ಮಿಲಿಮೀಟರಿನ ಎರಡು ಸಾಲು ಹಾಸಿದರೆ ಪ್ರತಿ ಸಾಲಿನಲ್ಲಿ ಅರ್ಧ ನೀರು, ಹಾಗಾಗಿ ತಿಕ್ಕಾಟ ಕಾಲು ಭಾಗ. ಆಗ 7 ಬಾರ್‌ನಲ್ಲೇ ಎರಡು ಪೂರ್ಣ ಧಾರೆ ಸಿಗುತ್ತದೆ, ಒಟ್ಟು 1020 ಲೀಟರಿನಷ್ಟು. ಪಂಪಿನ ವೇಗ ಏರಿಸುವುದು ಎರಡನೆಯ ದಾರಿ, ಅದು ದುಬಾರಿ. ಸೆಂಟ್ರಿಫ್ಯೂಗಲ್ ಪಂಪಿನ ವೇಗವನ್ನು ಶೇಕಡಾ 10 ಏರಿಸಿದರೆ ಒತ್ತಡ ಶೇಕಡಾ 21 ಏರುತ್ತದೆ, ಎಂಜಿನ್ನು ಕೊಡಬೇಕಾದ ಶಕ್ತಿ ಶೇಕಡಾ 33. ಓಣಿಯಲ್ಲಿ ಹೊರಲು ಹಗುರ ಎಂದು ಇಡೀ ದಾರಿಗೆ 38 ಮಿಲಿಮೀಟರ್ ಹೋಸು ಹಾಕಿದರಂತೂ ಅದೇ ಹರಿವಿಗೆ ತಿಕ್ಕಾಟ 12 ಪಟ್ಟು ಮೀರುತ್ತದೆ. ಸಣ್ಣ ಹೋಸಿನ ಜಾಗ ಕೊನೆಯ ಒಂದೆರಡು ಉದ್ದಗಳು, ಬಾಗಿಲಿನಿಂದ ಒಳಗೆ.

ಪಂಪ್ ಆಪರೇಟರ್ ಕೆಲಸವನ್ನು ಹೊರಗಿನವರು ಎಂಜಿನ್ ಓಡಿಸುವ ಕೆಲಸ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಎರಡು ಗೇಜ್ ಮತ್ತು ಒಂದು ಸದ್ದನ್ನು ಓದುವ ಕೆಲಸ. ಡೆಲಿವರಿ ಗೇಜ್ ಏರಿತು, ಎಂಜಿನ್ನಿನ ವೇಗ ಬದಲಾಗಲಿಲ್ಲ ಎಂದರೆ ಮುಂದೆಲ್ಲೋ ನೀರು ತಡೆದಿದೆ: ಹೋಸು ಮಡಿಚಿಕೊಂಡಿದೆ, ಅಥವಾ ಬ್ರಾಂಚ್ ಮುಚ್ಚಿದ್ದಾರೆ. ಗೇಜ್ ಕುಸಿದು ಎಂಜಿನ್ ಹಗುರಾಗಿ ಕಿರುಚಿದರೆ ಪಂಪಿಗೆ ನೀರು ಬರುವುದು ನಿಂತಿದೆ. ಗೇಜ್ ಇಳಿದು ನೀರು ಇನ್ನೂ ಜೋರಾಗಿ ಹೋಗುತ್ತಿದ್ದರೆ ಹೋಸು ಒಡೆದಿರಬೇಕು. ಸಕ್ಷನ್ ಕಡೆಯ ಕಾಂಪೌಂಡ್ ಗೇಜ್ ಸೊನ್ನೆಯ ಆಚೆ ಎಡಕ್ಕೆ ವಾಲುತ್ತಾ ಹೋಗಿ, ಪಂಪಿನೊಳಗೆ ಜಲ್ಲಿಕಲ್ಲು ಉರುಳುವ ಸದ್ದು ಬಂದರೆ ಕ್ಯಾವಿಟೇಶನ್ ಶುರುವಾಗಿದೆ ಎಂದರ್ಥ, ಪಂಪು ತನಗೆ ಸಿಗುವುದಕ್ಕಿಂತ ಹೆಚ್ಚು ನೀರು ಕೇಳುತ್ತಿದೆ. ಆಗ ಥ್ರಾಟಲ್ ಏರಿಸಬಾರದು, ಇಳಿಸಬೇಕು. ಮೇಲಿನಿಂದ ನೀರು ಸಾಲದು ಎಂದು ಕೂಗು ಬರುತ್ತಿರುವಾಗ ಥ್ರಾಟಲ್ ಇಳಿಸುವುದಕ್ಕೆ ತರಬೇತಿ ಬೇಕು. ಬ್ರಾಂಚನ್ನು ನಿಧಾನ ತೆರೆದು ನಿಧಾನ ಮುಚ್ಚಬೇಕು ಎಂಬ ಶಿಸ್ತಿಗೂ ಲೆಕ್ಕವಿದೆ. ಕಟ್ಟಡದ 150 ಮಿಲಿಮೀಟರ್ ಕಬ್ಬಿಣದ ಪೈಪಿನಲ್ಲಿ 500 ಲೀಟರ್ ಹರಿವಿನ ವೇಗ ಸೆಕೆಂಡಿಗೆ ಅರ್ಧ ಮೀಟರೂ ಇಲ್ಲ. ಅಷ್ಟನ್ನು ತಟ್ಟನೆ ನಿಲ್ಲಿಸಿದರೂ 5 ಬಾರ್‌ಗಿಂತ ಹೆಚ್ಚಿನ ಹೊಡೆತ ಪೈಪಿನುದ್ದಕ್ಕೂ ಹಿಂದಕ್ಕೆ ಓಡುತ್ತದೆ.

ಒತ್ತಡದ ಮಾತು ಇಲ್ಲಿಗೆ ಸಾಕು, ನೀರು ಎಲ್ಲಿಂದ? ಬಂಡಿಯ ಟ್ಯಾಂಕಿನಲ್ಲಿ 4,500 ಲೀಟರ್ ಇದೆ ಎಂದಿಟ್ಟುಕೊಂಡರೆ ಒಂದು ಧಾರೆಗೆ ಒಂಬತ್ತು ನಿಮಿಷ, ಎರಡು ಧಾರೆಗೆ ನಾಲ್ಕೂವರೆ. ಆಮೇಲೆ ಜಂಬೋ ಟ್ಯಾಂಕರುಗಳ ಸರದಿ. ಹತ್ತು ಸಾವಿರ ಲೀಟರಿನ ಟ್ಯಾಂಕರೊಂದು ತುಂಬಿಸಿ, ಬಂದು, ಖಾಲಿ ಮಾಡಿ, ಮತ್ತೆ ತುಂಬಿಸಿಕೊಂಡು ಬರಲು ನಲವತ್ತು ನಿಮಿಷ ಹಿಡಿದರೆ ಅದು ಸರಾಸರಿ 250 ಲೀಟರ್ ನಿಮಿಷಕ್ಕೆ, ಅಂದರೆ ಅರ್ಧ ಧಾರೆ. ಸಂಜೆಯ ಎಸ್. ವಿ. ರೋಡ್ ಕಂಡವರಿಗೆ ನಲವತ್ತು ನಿಮಿಷ ಉದಾರವಾದ ಊಹೆ ಅನ್ನಿಸಬಹುದು.

ಬೀದಿ ಹೈಡ್ರಂಟಿನ ಕಥೆ ನೀರು ಸರಬರಾಜಿನ ಕಥೆಗೆ ಕಟ್ಟಿಕೊಂಡಿದೆ. ಮುಂಬಯಿಗೆ ಕೊಳವೆಯ ನೀರು ಬಂದದ್ದು 1860ರಲ್ಲಿ ವಿಹಾರ್ ಕೆರೆಯಿಂದ. ತುಳಸಿ, ತಾನ್ಸಾ, ಮೋಡಕ್ ಸಾಗರ, ಮೇಲಿನ ಮತ್ತು ಮಧ್ಯ ವೈತರಣಾ, ಭಾತ್ಸಾ ಆಮೇಲೆ ಸೇರಿದವು. 1887ರ ಏಪ್ರಿಲ್ 1ರಂದು ಅಗ್ನಿಶಾಮಕ ದಳ ಪೊಲೀಸರ ಕೈಯಿಂದ ಪುರಸಭೆಯ ಕೈಗೆ ಬಂತು. ನೀರೂ ಪಂಪೂ ಒಂದೇ ಯಜಮಾನನ ಕೆಳಗಿವೆ ಎಂಬುದು ಇಂದಿಗೂ ಮುಂಬಯಿಯ ಅನುಕೂಲ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದು, ಅಗ್ನಿಶಾಮಕ ಇಲಾಖೆ ರಾಜ್ಯ ಸರ್ಕಾರದ್ದು. ಆದರೆ ಇಲ್ಲಿನ ಉಪನಗರಕ್ಕೆ ನೀರು ಬರುವುದು ಗಂಟೆಗಳ ಲೆಕ್ಕದಲ್ಲಿ. ನಲ್ಲಿಯಲ್ಲಿ ನೀರಿಲ್ಲದ ಹೊತ್ತಿನಲ್ಲಿ ಹೈಡ್ರಂಟಿನಲ್ಲೂ ಒತ್ತಡವಿಲ್ಲ. ನೀರು ಬರುವ ಹೊತ್ತಿನಲ್ಲೂ ಪ್ರತಿ ಸೊಸೈಟಿಯ ಸಂಪು ಅದೇ ಕೊಳವೆಯಿಂದ ತುಂಬಿಕೊಳ್ಳುತ್ತಿರುತ್ತದೆ.

ಈ ಅರೆಕಾಲಿಕ ಪೂರೈಕೆಯೇ ವಿಲೆ ಪಾರ್ಲೆಯಲ್ಲಿ ಒಂದು ವಿಚಿತ್ರ ಸಂಪತ್ತನ್ನು ಸೃಷ್ಟಿಸಿದೆ. ಗಂಟೆ ಲೆಕ್ಕದ ನೀರನ್ನು ಹಿಡಿದಿಡಲು ಪ್ರತಿ ಸೊಸೈಟಿಯೂ ನೆಲದಡಿಯ ಟ್ಯಾಂಕು ಕಟ್ಟಿಕೊಂಡಿದೆ. ಓಣಿಯುದ್ದಕ್ಕೂ, ಹತ್ತಿಪ್ಪತ್ತು ಮೀಟರಿಗೊಂದರಂತೆ, ಮಣ್ಣಿನಡಿ ನೀರು ನಿಂತಿದೆ. ಇಪ್ಪತ್ತು ಸಾವಿರ ಲೀಟರಿನ ಒಂದು ಸಂಪು ತುಂಬಿದ್ದರೆ ನಮ್ಮ ಒಂದು ಧಾರೆಗೆ ನಲವತ್ತು ನಿಮಿಷ, ಮೇಲೆ ಹೇಳಿದ ಟ್ಯಾಂಕರಿನ ಎರಡು ಸುತ್ತಿನಷ್ಟು. ಕುಡಿಯುವ ನೀರಿನ ಈ ಸಂಪುಗಳಿಗೆ ಅಗ್ನಿಶಾಮಕ ದಳದ ಸಕ್ಷನ್ ಕನೆಕ್ಷನ್ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಮುಚ್ಚಳ ತೆಗೆದು, ತುದಿಗೆ ಜರಡಿಯಿರುವ ಸಕ್ಷನ್ ಹೋಸನ್ನು ಇಳಿಸಿ, ಗಾಳಿ ಹೀರಿ ಪ್ರೈಮ್ ಮಾಡಿದರೆ ನೀರು ಏರುತ್ತದೆ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರನ್ನು ಎತ್ತಬಲ್ಲದು. ಮುಂಬಯಿಯ ಸೆಖೆಯಲ್ಲಿ 30 ಡಿಗ್ರಿಯ ನೀರಿನ ಆವಿಯೇ ಅದರಲ್ಲಿ 0.4 ಮೀಟರ್ ಕಳೆಯುತ್ತದೆ, ಹೋಸಿನ ತಿಕ್ಕಾಟ, ಪಂಪಿನ ಒಳಬಾಯಿಯ ಅಗತ್ಯ ಸೇರಿ ಕೈಗೆ ಸಿಗುವುದು ಏಳು ಮೀಟರಿನಷ್ಟು. ಸೊಸೈಟಿಯ ಸಂಪು ಮೂರು ನಾಲ್ಕು ಮೀಟರಿಗಿಂತ ಆಳವಿರುವುದು ಅಪರೂಪ. ಭೌತಶಾಸ್ತ್ರದ ಅಡ್ಡಿಯೇನೂ ಇಲ್ಲ. ದೊಡ್ಡ ಬಂಡಿ ಓಣಿಗೆ ನುಗ್ಗದಿದ್ದರೆ ಇಬ್ಬರು ಮೂವರು ಹೊತ್ತು ತರಬಲ್ಲ ಪೋರ್ಟಬಲ್ ಪಂಪು ಸಾಕು. ಪಂಪು ಬೆಂಕಿಯ ಹತ್ತಿರಕ್ಕೆ ಬಂದರೆ 180 ಮೀಟರ್ 30 ಆಗುತ್ತದೆ, ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸಮುದ್ರ ಇಷ್ಟು ಹತ್ತಿರ ಇರುವಾಗ ನೀರಿಗೆ ಬರವೇ ಎಂದು ಕೇಳುವವರಿದ್ದಾರೆ. ಜುಹು ತೀರದಿಂದ ಒಂದೂವರೆ ಕಿಲೋಮೀಟರ್ ಎಂದರೂ ಐವತ್ತು ಹೋಸು. ಒಂದು ಧಾರೆಯ ಹರಿವಿಗೇ ದಾರಿಯಲ್ಲಿ 17 ಬಾರ್ ಖರ್ಚು, ಅಂದರೆ ಸಾಗಣೆಗೇ ಮೂರು ಪಂಪುಗಳ ರಿಲೇ. ದೊಡ್ಡ ಉಬ್ಬರದ ದಿನಗಳಲ್ಲಿ ಏರಿಳಿತ ನಾಲ್ಕು ಮೀಟರ್ ದಾಟುವ ಈ ತೀರದಲ್ಲಿ ಇಳಿತದ ಹೊತ್ತಿಗೆ ನೀರಿನ ಅಂಚು ಮರಳಿನಾಚೆ ದೂರ ಹೋಗಿರುತ್ತದೆ. ಉಪ್ಪೂ ಮರಳೂ ಪಂಪಿಗೆ ಮಾಡುವ ಹಾನಿ ಬೇರೆ. ಬಂದರಿನ ಧಕ್ಕೆಯಲ್ಲಿ ಸಮುದ್ರದ ನೀರು ಹೀರುವುದು ಸುಲಭ, ಬೀಚಿನಲ್ಲಿ ಅಲ್ಲ.

15 ಮೀಟರಿನ ಗೆರೆ ದಾಟಿದ ಕಟ್ಟಡಗಳೂ ಇಲ್ಲಿ ಸಾಕಷ್ಟಿವೆ. ಮಧ್ಯಮ ಎತ್ತರದ ವಸತಿ ಕಟ್ಟಡಕ್ಕೆ ಸಂಹಿತೆ ಒಪ್ಪುವುದು ಡೌನ್‌ಕಮರ್ ವ್ಯವಸ್ಥೆ: ತಾರಸಿಯಲ್ಲಿ ಟ್ಯಾಂಕು, ಅದರ ಬಾಯಿಗೆ ನಿಮಿಷಕ್ಕೆ 900 ಲೀಟರಿನ ಒಂದು ಪಂಪು, ಅಲ್ಲಿಂದ ಕೆಳಕ್ಕಿಳಿಯುವ ಪೈಪು, ಪ್ರತಿ ಮಹಡಿಯಲ್ಲಿ ಒಂದು ವಾಲ್ವು. ನೀರು ಮೇಲಿನಿಂದ ಬರುವುದರಿಂದ ಮೇಲಿನ ಮನೆಗಳೇ ಸುರಕ್ಷಿತ ಎಂದು ಅನೇಕರ ಎಣಿಕೆ. ವಿಷಯ ಉಲ್ಟಾ. ಎಂಟು ಮಹಡಿಯ ಕಟ್ಟಡದಲ್ಲಿ ನೆಲಮಹಡಿಯ ವಾಲ್ವಿಗೆ 24 ಮೀಟರ್ ನೀರಿನ ಭಾರ, ಅಂದರೆ 2.4 ಬಾರ್, ಪಂಪಿಲ್ಲದೆಯೇ ಸಿಗುತ್ತದೆ. ಕೊನೆಯ ಮಹಡಿಯ ವಾಲ್ವು ಟ್ಯಾಂಕಿಗಿಂತ ಮೂರು ಮೀಟರ್ ಕೆಳಗಿದ್ದರೆ ಅಲ್ಲಿರುವುದು 0.3 ಬಾರ್. ತಿಕ್ಕಾಟವನ್ನೆಲ್ಲ ಮಾಫಿ ಮಾಡಿದರೂ 20 ಮಿಲಿಮೀಟರ್ ನಾಝಲಿನಿಂದ 146 ಲೀಟರ್, ಕಾಲ ಬುಡದಲ್ಲಿ ಬೀಳುವ ನೀರು. ಆ ಮಹಡಿ ಪೂರ್ತಿ ತಾರಸಿಯ ಪಂಪನ್ನೇ ನಂಬಿದೆ. ಆ ಪಂಪಿಗೆ ಕಟ್ಟಡದ ಉಳಿದ ವಿದ್ಯುತ್ತಿನಿಂದ ಬೇರೆಯಾದ ಲೈನ್ ಬೇಕು ಎಂಬ ನಿಯಮ ಏಕಿದೆ ಎಂದು ಇಲ್ಲಿ ತಿಳಿಯುತ್ತದೆ: ಬೆಂಕಿ ಕಂಡ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು.

ಇನ್ನೂ ಎತ್ತರದ ಕಟ್ಟಡದ ನೆಲಮಾಳಿಗೆಯ ಪಂಪ್ ರೂಮಿನಲ್ಲಿ ಕೆಂಪು ಬಣ್ಣದ ಮೂರು ಪಂಪುಗಳು ಸಾಲಾಗಿ ಕೂತಿರುತ್ತವೆ: ವಿದ್ಯುತ್ತಿನದು, ಡೀಸೆಲಿನದು, ಸಣ್ಣದೊಂದು ಜಾಕಿ. ಪೈಪಿನಲ್ಲಿ ಸಣ್ಣಪುಟ್ಟ ಸೋರಿಕೆಯಿಂದ ಒತ್ತಡ ಇಳಿದಾಗ ಜಾಕಿ ಎದ್ದು ತುಂಬಿ ಮಲಗುತ್ತದೆ. ಯಾರಾದರೂ ಲ್ಯಾಂಡಿಂಗ್ ವಾಲ್ವು ತೆರೆದು ಒತ್ತಡ ಇನ್ನೂ ಕುಸಿದರೆ ದೊಡ್ಡ ಪಂಪು ತಾನೇ ಶುರುವಾಗಬೇಕು. ದಿನವಿಡೀ ಹತ್ತು ನಿಮಿಷಕ್ಕೊಮ್ಮೆ ಜಾಕಿ ಗುಂಯ್‌ಗುಟ್ಟುತ್ತಿದ್ದರೆ ಎಲ್ಲೋ ನಾನ್ ರಿಟರ್ನ್ ವಾಲ್ವು ಕೂರುತ್ತಿಲ್ಲ ಎಂದರ್ಥ. ವಾಚ್‌ಮನ್‌ಗೆ ಆ ಸದ್ದು ಗೊತ್ತಿರುತ್ತದೆ, ಅದರ ಅರ್ಥ ಅವನಿಗೆ ಯಾರೂ ಹೇಳಿರುವುದಿಲ್ಲ.

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯಿದೆಯ ಪ್ರಕಾರ ಲೈಸೆನ್ಸ್ ಪಡೆದ ಏಜೆನ್ಸಿಯೊಂದು ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ‘ಬಿ’ ಫಾರ್ಮ್ ಕೊಡಬೇಕು. ಮುಂಬಯಿಯ ಸೊಸೈಟಿ ಕಮಿಟಿಗಳಲ್ಲಿ ಕಾರ್ಯದರ್ಶಿಗಿರಿ ಹೊತ್ತ ನಮ್ಮ ಕನ್ನಡದವರು ಎಷ್ಟೋ ಜನ ಈ ಕಾಗದವನ್ನು ಫೈಲಿಗೆ ಹಾಕಿದವರೇ. ಪರೀಕ್ಷೆ ಎಂದರೆ ಸಾಮಾನ್ಯವಾಗಿ ಪಂಪ್ ಚಾಲೂ ಮಾಡಿ ಗೇಜ್ ತೋರಿಸುವುದು. ಇಲ್ಲಿ ಒಂದು ಆಕ್ಷೇಪಣೆ ಎತ್ತಲೇಬೇಕು. ಭಾರತೀಯ ಮಾನಕದ ಬೆಂಕಿ ಪಂಪಿಗೆ ಮೂರು ಗುರುತುಗಳಿವೆ. ನಿಮಿಷಕ್ಕೆ 2,280 ಲೀಟರನ್ನು 70 ಮೀಟರ್ ಎತ್ತರಕ್ಕೆ ಕೊಡುವ ಅಡ್ಡ ಪಂಪು ಎಂದಾದರೆ ಆ ಬಿಂದು ಒಂದು. ಒಂದೂವರೆ ಪಟ್ಟು ಹರಿವಿನಲ್ಲಿ, ಅಂದರೆ 3,420 ಲೀಟರಿನಲ್ಲಿ, ಕನಿಷ್ಠ ಶೇಕಡಾ 65 ಎತ್ತರ, 45.5 ಮೀಟರ್ ಉಳಿಯಬೇಕು, ಇದು ಎರಡು. ಎಲ್ಲ ವಾಲ್ವು ಮುಚ್ಚಿದಾಗ ಒತ್ತಡ ಶೇಕಡಾ 120, ಅಂದರೆ 84 ಮೀಟರ್ ಮೀರಬಾರದು, ಇದು ಮೂರು. ವಾಲ್ವು ಮುಚ್ಚಿ ಪಂಪ್ ಓಡಿಸಿ ಗೇಜಿನಲ್ಲಿ 8 ಕೆಜಿ ತೋರಿಸಿದಾಗ ಪರೀಕ್ಷೆಯಾದದ್ದು ಮೂರನೆಯದು ಮಾತ್ರ. ಸಕ್ಷನ್ ವಾಲ್ವು ಮುಕ್ಕಾಲು ಮುಚ್ಚಿದ್ದರೂ, ಜರಡಿಗೆ ಪಾಚಿ ಕಟ್ಟಿದ್ದರೂ ನೀರು ಹರಿಯದಿರುವಾಗ ತಿಕ್ಕಾಟವೇ ಇಲ್ಲ, ಗೇಜ್ ಚೆಂದದ ಅಂಕಿಯನ್ನೇ ತೋರಿಸುತ್ತದೆ. ದೋಷ ಹೊರಬೀಳುವುದು ನೀರು ಹರಿದಾಗ. ತಾರಸಿಯ ವಾಲ್ವಿಗೆ ಹೋಸು ಸಿಕ್ಕಿಸಿ, 20 ಮಿಲಿಮೀಟರ್ ನಾಝಲಿನ ಬಾಯಲ್ಲಿ ಧಾರೆಯ ಒತ್ತಡ ಅಳೆಯುವ ಪಿಟೊ ಗೇಜ್ ಹಿಡಿದು 3.5 ಬಂತೇ ನೋಡಿದರೆ 500 ಲೀಟರ್ ಹರಿದದ್ದು ರುಜುವಾತಾಗುತ್ತದೆ.

ಇದೇ ವಿಲೆ ಪಾರ್ಲೆಯ ಕಾಂಪೌಂಡ್ ಗೋಡೆಯ ಆಚೆ ಬೆಂಕಿ ಪಂಪಿನ ತರ್ಕವೇ ಬೇರೆ. ವಿಮಾನ ನಿಲ್ದಾಣದ ಅಗ್ನಿಶಾಮಕ ಬಲವನ್ನು ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಒಡಲಿನ ಅಗಲ ನೋಡಿ ವರ್ಗೀಕರಿಸುತ್ತಾರೆ. 2014ರಿಂದ ಮುಂಬಯಿ ಕಂಡಿರುವ ಏರ್‌ಬಸ್ ಎ380 ಉದ್ದದಲ್ಲಿ ಒಂಬತ್ತನೆಯ ವರ್ಗಕ್ಕೆ ಸೇರಬೇಕಾದದ್ದು, ಏಳು ಮೀಟರ್ ಮೀರಿದ ಒಡಲಿನಿಂದಾಗಿ ಹತ್ತಕ್ಕೆ ಏರಿತು. ಆ ವರ್ಗಕ್ಕೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಬಿ ದರ್ಜೆಯ ಫೋಮಿಗೆ ಹೇಳುವುದು 32,300 ಲೀಟರ್ ನೀರು, ನಿಮಿಷಕ್ಕೆ 11,200 ಲೀಟರ್ ವೇಗದಲ್ಲಿ. ಭಾಗಿಸಿದರೆ ಮೂರು ನಿಮಿಷಕ್ಕೂ ಕಡಿಮೆ. ಪ್ರಯಾಣಿಕರು ಇಳಿಯುವ ದಾರಿ ತೆರೆದಿಡುವುದು ಅದರ ಗುರಿ, ಹೊತ್ತು ಮೂರು ನಿಮಿಷ ಸಾಕು. ಬಂಡಿಯ ನೆತ್ತಿಯ ಮಾನಿಟರಿನಿಂದಲೇ ಹೊಡೆಯುವುದರಿಂದ ಹೋಸಿನ ತಿಕ್ಕಾಟ ಲೆಕ್ಕಕ್ಕೇ ಬರುವುದಿಲ್ಲ. ಗೋಡೆಯ ಈಚೆ ಬಂಡಿಯೇ ಹತ್ತಿರ ಬರಲಾರದು.

ಇನ್ನೊಂದು ತುದಿಗೆ ಜುಹು ಬಳಿಯ ಇರ್ಲಾ ಪಂಪಿಂಗ್ ಸ್ಟೇಷನ್. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ 2005ರ ಜುಲೈ 26ರ ನಂತರ ಚುರುಕು ಪಡೆದ ಮಳೆನೀರು ಯೋಜನೆಯ ಭಾಗ ಅದು. ಅಲ್ಲಿನ ಒಂದೊಂದು ಪಂಪು ಸೆಕೆಂಡಿಗೆ 6,000 ಲೀಟರ್ ಎತ್ತುತ್ತದೆ, ಕೆಲವೇ ಮೀಟರ್ ಎತ್ತರಕ್ಕೆ. ಮೇಲೆ ಹೇಳಿದ 2,280 ಲೀಟರಿನ ಬೆಂಕಿ ಪಂಪು ಸೆಕೆಂಡಿಗೆ 38 ಲೀಟರ್ ಕೊಡುತ್ತದೆ, 70 ಮೀಟರ್ ಎತ್ತರಕ್ಕೆ. ಮೂರು ಮೀಟರ್ ಎತ್ತುವುದೆಂದು ಹಿಡಿದರೆ ಇರ್ಲಾದ ಪಂಪು ನೀರಿಗೆ ಕೊಡುವ ಶಕ್ತಿ ಬೆಂಕಿ ಪಂಪಿನ ಏಳು ಪಟ್ಟು, ಅದು ಸರಿಸುವ ನೀರು 150 ಪಟ್ಟು ಮೀರುತ್ತದೆ. ಪಂಪು ಎಷ್ಟು ಶಕ್ತಿಯದು ಎಂಬ ಪ್ರಶ್ನೆಗೆ ಯಾವ ಕೆಲಸಕ್ಕೆ ಎಂದು ಕೇಳದೆ ಉತ್ತರವಿಲ್ಲ.

ಮುಂಬಯಿಯ ನೆನಪಿನಲ್ಲಿ ಎತ್ತರದ ಕಟ್ಟಡದ್ದು, ಇಕ್ಕಟ್ಟಾದ ಓಣಿಯದ್ದು ಎಂಬ ಎರಡೂ ಬಗೆಯ ಬೆಂಕಿ ಇವೆ. 2014ರ ಜುಲೈ 18ರಂದು ಅಂಧೇರಿ ಪಶ್ಚಿಮದ ಲೋಟಸ್ ಬಿಸಿನೆಸ್ ಪಾರ್ಕಿನ ಮೇಲ್ಮಹಡಿಗಳಲ್ಲಿ ಬೆಂಕಿ ಬಿದ್ದಾಗ ದಳ ಒಬ್ಬ ಸಿಬ್ಬಂದಿಯನ್ನು ಕಳೆದುಕೊಂಡಿತು. 2015ರ ಮೇ 9ರಂದು ಕಾಲ್ಬಾದೇವಿಯ ಇಕ್ಕಟ್ಟಾದ ಓಣಿಯ ಗೋಕುಲ್ ಕಟ್ಟಡ ಬೆಂಕಿಯಲ್ಲಿ ಕುಸಿದು, ದಳದ ಮುಖ್ಯಸ್ಥ ಸುನಿಲ್ ನೆಸರೀಕರ್ ಸೇರಿ ನಾಲ್ವರು ಹಿರಿಯ ಅಧಿಕಾರಿಗಳು ಜೀವ ತೆತ್ತರು. ಎರಡನೆಯದರಲ್ಲಿ ಸಾವಿಗೆ ಕಾರಣ ಕುಸಿತ, ಹೋಸಿನ ಒತ್ತಡವಲ್ಲ. ಆದರೂ ಹಳೆಯ ಕಟ್ಟಡ, ಓಣಿ, ಕಡಿಮೆ ಮಹಡಿ ಎಂಬ ಅದರ ಲಕ್ಷಣಗಳು ವಿಲೆ ಪಾರ್ಲೆಗೆ ಲೋಟಸ್‌ಗಿಂತ ಹತ್ತಿರ. ನಿಯಮಗಳಲ್ಲಿ ಬಿಗಿ ಹೆಚ್ಚಿರುವುದು ಮೊದಲನೆಯ ಬಗೆಗೆ.

ಹಾಗಾದರೆ ಕೆ ಪೂರ್ವ, ಕೆ ಪಶ್ಚಿಮ ವಾರ್ಡುಗಳ ಗಿಡ್ಡ ಸೊಸೈಟಿಗಳಿಗೆ ಸದ್ಯಕ್ಕೆ ಬೇಕಾದದ್ದು ಹೊಸ ಪಂಪಲ್ಲ, ಮೂರು ಅಳತೆ. ಬಂಡಿ ನಿಲ್ಲಬಹುದಾದ ಜಾಗದಿಂದ ಮೆಟ್ಟಿಲ ಬುಡಕ್ಕೆ 30 ಮೀಟರಿನ ಎಷ್ಟು ಹೋಸು ಬೇಕು ಎಂಬುದು ಒಂದು. ಆ ದಾರಿಯಲ್ಲಿರುವ ಸಂಪುಗಳು ಯಾವುವು, ಅವುಗಳ ಸಾಮರ್ಥ್ಯ ಎಷ್ಟು, ನೀರಿನ ಮಟ್ಟ ನೆಲದಿಂದ ಎಷ್ಟು ಕೆಳಗೆ ಎಂಬುದು ಇನ್ನೊಂದು. ನಾಲ್ಕು ಹೋಸು ಮೀರಿದ ಕಡೆ ಮೊದಲ ಬಂಡಿಯವರೇ ಎರಡು ಸಾಲು ಹಾಸಬೇಕು ಎಂಬ ನಿರ್ಣಯವನ್ನು ಈ ಅಂಕಿಗಳಿಂದ ಮುಂಚಿತವಾಗಿಯೇ ತೆಗೆಯಬಹುದು, ಬೆಂಕಿಯ ಎದುರು ನಿಂತು ಯೋಚಿಸಬೇಕಾಗಿಲ್ಲ. ಮೂರನೆಯದು ಸಂಪಿನ ಮುಚ್ಚಳ: ಅದರ ಅಗಲ ಸಕ್ಷನ್ ಹೋಸಿನ ಜರಡಿ ಇಳಿಯುವಷ್ಟಿದೆಯೇ, ಮತ್ತು ರಾತ್ರಿ ಹನ್ನೊಂದರ ಮೇಲೆ ಅದರ ಮೇಲೆ ಯಾರ ಕಾರು ನಿಂತಿರುತ್ತದೆ.